ಹಕ್ಕಿಗೆ ಕಾಳು, ಗೂಡಿಗೆ ನೆಲೆ: ಅಭಯದಾನದ ಒಂದು ವಿಮರ್ಶೆ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವು ಕೊನೆಯದಾಗಿ ಎಣಿಸಲ್ಪಟ್ಟಿದ್ದರೂ ಸಮಾಜದ ಕಣ್ಣಿಗೆ ಮೊದಲು ಬೀಳುವುದು ಅದೇ. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳು ಬಹುಮಟ್ಟಿಗೆ ಅವರವರ ಅಂತರಂಗಕ್ಕೆ ಸೇರಿದವು. ದಾನಕ್ಕಾದರೋ ಕೊಡುವವನು, ಪಡೆಯುವ ಪಾತ್ರ, ಕೊಡುವ ದ್ರವ್ಯ, ಕೊಡುವ ವಿಧಿ ಎಂಬ ನಾಲ್ಕೂ ಬೇಕು. ಈ ನಾಲ್ಕರ ತಾರತಮ್ಯದಿಂದಲೇ ದಾನದ ಫಲದಲ್ಲಿ ತಾರತಮ್ಯ ಉಂಟಾಗುವುದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ತಿಳಿಸುತ್ತದೆ. ಅಂದಮೇಲೆ ದಾನವನ್ನು ಪ್ರಶ್ನಿಸುವುದು ದಾನಕ್ಕೆ ಅಪಚಾರವಲ್ಲ. ಪ್ರಶ್ನಿಸದೆ ಕೊಡುವುದೇ ವಿಧಿಲೋಪ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರರ ಲೆಕ್ಕವನ್ನು ನಮ್ಮ ಸಂಸ್ಥೆಗಳು ಶ್ರದ್ಧೆಯಿಂದ ಇಟ್ಟಿವೆ. ಅಭಯದಾನದ ಲೆಕ್ಕ ಮಾತ್ರ ಇನ್ನೂ ಅಸ್ಪಷ್ಟವಾಗಿಯೇ ಉಳಿದಿದೆ. ಪಕ್ಷಿಗಳ ಹೆಸರಿನಲ್ಲಿ ಈಗ ನಡೆಯುತ್ತಿರುವ ನಿಧಿಸಂಗ್ರಹವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಬೆಂಗಳೂರಿನ ಪೂರ್ವ ಅಂಚಿನ ಕುಂದಲಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಕಾಲಕ್ಕೆ ಕೆರೆ, ಗದ್ದೆ, ತೋಪುಗಳಿದ್ದ ಹಳ್ಳಿ ಅದು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ತಂತ್ರಜ್ಞಾನ ಪಾರ್ಕು ತಲೆಯೆತ್ತಿದ ಮೇಲೆ ಅದರ ಚಹರೆಯೇ ಬದಲಾಯಿತು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲೂ ಬಂತು. ಉದ್ಯೋಗಕ್ಕಾಗಿ ರಾಜಸ್ಥಾನ, ಗುಜರಾತುಗಳಿಂದಲೂ ಕರಾವಳಿ, ಬೆಳಗಾವಿ, ಹಾಸನಗಳಿಂದಲೂ ಬಂದ ಜೈನ ಕುಟುಂಬಗಳು ಇಂಥ ಬಡಾವಣೆಗಳ ಬಹುಮಹಡಿ ಮನೆಗಳಲ್ಲಿ ನೆಲೆಸಿವೆ. ಅಲ್ಲಿಯ ಬಾಲ್ಕನಿಗಳನ್ನು ತಲೆಯೆತ್ತಿ ನೋಡಿದರೆ ಸಾಲುಸಾಲಾಗಿ ಪಾರಿವಾಳದ ಬಲೆಗಳು ಕಾಣುತ್ತವೆ. ಬಲೆ ಕಟ್ಟಿಸಿದ ಮನೆಯವರೇ ಅಮಾವಾಸ್ಯೆಗೋ ಹಿರಿಯರ ಪುಣ್ಯತಿಥಿಗೋ ಒಂದು ಚೀಲ ಜೋಳವನ್ನು ಪಾರಿವಾಳಗಳಿಗೆ ಹಾಕಿಸುವುದೂ ಉಂಟು. ಅದೇ ಮನೆಯ ಮಗನಿಗೋ ಸೊಸೆಗೋ ಕಚೇರಿಯ ಮೂಲಕ ದಕ್ಷಿಣ ಸಾಗರದ ಆಲ್ಬಟ್ರಾಸ್ ಹಕ್ಕಿಯನ್ನು ಉಳಿಸಲು ಹಣ ಕೊಡಿರೆಂಬ ಮನವಿಯೂ ತಲುಪಬಹುದು. ಒಂದೇ ಮನೆಯಲ್ಲಿ ಮೂರು ವಿಧದ ಪಕ್ಷಿನೀತಿ: ಒಂದಕ್ಕೆ ಬಲೆ, ಒಂದಕ್ಕೆ ಕಾಳು, ಒಂದಕ್ಕೆ ಚಂದಾ. ಇವುಗಳಲ್ಲಿ ಯಾವುದು ಅಭಯದಾನ?

ಕಾಳಿನ ದಯೆ

ಮೊದಲು ಕಾಳಿನ ವಿಚಾರ. ಪಾರಿವಾಳಕ್ಕೆ ಕಾಳು ಹಾಕುವವನ ಮನಸ್ಸಿನಲ್ಲಿರುವ ಅನುಕಂಪೆಯನ್ನು ಯಾರೂ ಹಗುರಾಗಿ ಕಾಣಬಾರದು. ಹಸಿದ ಜೀವಕ್ಕೆ ಉಣಿಸದೆ ತಾನು ಉಣ್ಣಬಾರದೆಂಬ ಭಾವನೆ ಮನೆಮನೆಯ ಸಂಸ್ಕಾರ. ಆದರೆ ಭಾವನೆ ಶುದ್ಧವಾಗಿದ್ದ ಮಾತ್ರಕ್ಕೆ ಫಲಿತಾಂಶವೂ ಶುದ್ಧವಾಗಬೇಕೆಂದಿಲ್ಲ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ 178ಕ್ಕೆ ತುರ್ತು ಗಮನ ಬೇಕೆಂದು ಹೇಳಿತು. ಪಾರಿವಾಳವಾದರೋ ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿದೆ. ಮನುಷ್ಯರು ಹಾಕುವ ಕಾಳು, ಕಾಂಕ್ರೀಟ್ ಕಟ್ಟಡಗಳ ಸಂದುಗಳು ಇವೆರಡೂ ಅದಕ್ಕೆ ಅನುಕೂಲವಾಗಿವೆ. ಅದರ ಹಿಕ್ಕೆ ಮತ್ತು ಗರಿಯ ಧೂಳಿನಿಂದ ಕೆಲವರಿಗೆ ಶ್ವಾಸಕೋಶದ ಗಂಭೀರ ಅಲರ್ಜಿರೋಗ ಬರುವುದೆಂದು ವೈದ್ಯರು ಎಚ್ಚರಿಸುತ್ತ ಬಂದಿದ್ದಾರೆ.

2025ರ ಜುಲೈ ತಿಂಗಳಲ್ಲಿ ಮುಂಬಯಿಯ 51 ಕಬೂತರ್‌ಖಾನೆಗಳನ್ನು ಮುಚ್ಚಬೇಕೆಂಬ ನಿರ್ಧಾರವನ್ನು ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿತು. ದಾದರಿನ ಕಬೂತರ್‌ಖಾನೆಗೆ ಹೊದಿಸಿದ್ದ ತಾಡಪಾಲನ್ನು ಆಗಸ್ಟ್ 6ರಂದು ಪ್ರತಿಭಟನಕಾರರು ಕಿತ್ತುಹಾಕಿದರು. ಅವರಲ್ಲಿ ನಮ್ಮ ಸಮಾಜದವರೇ ಹೆಚ್ಚಾಗಿದ್ದರು. ವಿಷಯ ಉಚ್ಚ ನ್ಯಾಯಾಲಯದ ಮುಂದಿತ್ತು. ಹಸಿದ ಹಕ್ಕಿಗಳಿಗಾಗಿ ಮರುಗಿದ ಹೃದಯಗಳು ಅಲ್ಲಿದ್ದುವೆಂಬುದು ನಿಜ. ಆದರೆ ಕಾನೂನನ್ನು ಕೈಗೆ ತೆಗೆದುಕೊಂಡ ಆ ದೃಶ್ಯದಲ್ಲಿ ನೆರೆಮನೆಯ ಉಬ್ಬಸದ ರೋಗಿಯ ಬಗ್ಗೆ ಮರುಕವಿತ್ತೇ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ಅಳಿವಿನ ಅಂಚಿನಲ್ಲಿರುವ ಒಂದು ಹಕ್ಕಿಯ ಗೂಡುಮರವನ್ನು ಕಡಿದಾಗ ಇದೇ ಸಂಖ್ಯೆಯಲ್ಲಿ ಶ್ರಾವಕರು ಬೀದಿಗೆ ಬಂದ ಉದಾಹರಣೆ ವಿರಳ. ಕಣ್ಣೆದುರಿನ ಹಕ್ಕಿಗೆ ಸಿಕ್ಕುವ ದಯೆ ಕಣ್ಣಿಗೆ ಕಾಣದ ಹಕ್ಕಿಗೆ ಸಿಕ್ಕುವುದಿಲ್ಲ ಎಂಬುದು ಈ ದಾನಪದ್ಧತಿಯ ಮೊದಲನೆಯ ಕೊರತೆ.

ಕಾಳಿನ ದಾನವೂ ವಿವೇಕದಿಂದ ನಡೆದರೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ರಾಜಸ್ಥಾನದ ಫಲೋದಿಯ ಬಳಿಯ ಖೀಚನ್ ಗ್ರಾಮ ಸಾಕ್ಷಿ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುವ ಕುರ್ಜಾ ಎಂಬ ಕ್ರೌಂಚಗಳಿಗೆ 1970ರ ದಶಕದಿಂದ ಅಲ್ಲಿಯ ಜೈನ ಕುಟುಂಬಗಳು ಕಾಳು ಹಾಕುತ್ತ ಬಂದಿವೆ. ವ್ಯಾಪಾರಕ್ಕಾಗಿ ದೂರದ ನಗರಗಳಿಗೆ ಹೋದವರೂ ಊರಿನ ಚುಗ್ಗಾಘರಕ್ಕೆ ಹಣ ಕಳಿಸುವುದನ್ನು ಬಿಟ್ಟಿಲ್ಲ. ಮೊದಲು ಕೆಲವೇ ಹಕ್ಕಿಗಳು ಬರುತ್ತಿದ್ದಲ್ಲಿ ಈಗ ಸಾವಿರಾರು ಬರುತ್ತವೆ. 2025ರಲ್ಲಿ ಅಲ್ಲಿಯ ಜಲಪ್ರದೇಶ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಾಮ್ಸಾರ್ ಪಟ್ಟಿಗೆ ಸೇರುವುದು ಕಾಳಲ್ಲ, ಹಕ್ಕಿ ಇಳಿಯುವ ನೀರು ಮತ್ತು ನೆಲ. ಕಾಳು ಹಕ್ಕಿಯನ್ನು ಕರೆಯುತ್ತದೆ, ಉಳಿಸುವುದು ನೆಲೆ. ಖೀಚನ್ನಿನ ಕೀರ್ತಿಯನ್ನು ಹೇಳುವಾಗ ನಮ್ಮ ಪತ್ರಿಕೆಗಳು ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆಯುತ್ತವೆ.

ಮೀನುಣ್ಣುವ ಹಕ್ಕಿ

ಎರಡನೆಯ ಕೊರತೆ ಇನ್ನೂ ಆಳವಾದದ್ದು. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿರುವ ಜೈನ ಪಕ್ಷಿ ಆಸ್ಪತ್ರೆ ಜಗತ್ತಿನಲ್ಲೇ ಹೆಸರಾದ ಸಂಸ್ಥೆ. ಗಾಯಗೊಂಡ ಅಸಂಖ್ಯಾತ ಹಕ್ಕಿಗಳಿಗೆ ಅದು ಉಚಿತವಾಗಿ ಔಷಧದಾನ ಮಾಡುತ್ತ ಬಂದಿದೆ. ಮಾಂಸಾಹಾರಿ ಹಕ್ಕಿಗಳಿಗೆ ಅಲ್ಲಿ ಹೊರರೋಗಿಗಳಾಗಿ ಚಿಕಿತ್ಸೆ ಸಿಗಬಹುದು, ಒಳಗಿಟ್ಟುಕೊಂಡು ಸಾಕುವ ಪದ್ಧತಿಯಿಲ್ಲ. ದೆಹಲಿಯ ಇಬ್ಬರು ಸೋದರರಾದ ನದೀಮ್ ಶಹಜಾದ್ ಮತ್ತು ಮೊಹಮ್ಮದ್ ಸೌದ್ ಗಾಯಗೊಂಡ ಗರುಡವೊಂದನ್ನು ಪಕ್ಷಿ ಆಸ್ಪತ್ರೆಗೆ ಒಯ್ದಾಗ ಅದು ಮಾಂಸ ತಿನ್ನುವ ಹಕ್ಕಿಯೆಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲವೆಂದೂ, ಮುಂದೆ ಅವರು ತಾವೇ ಗರುಡಗಳ ಶುಶ್ರೂಷೆಗೆ ತೊಡಗಿದರೆಂದೂ ಪ್ರಸಿದ್ಧವಾಗಿದೆ. ಶೌನಕ್ ಸೇನ್ ಅವರು 2022ರಲ್ಲಿ ನಿರ್ಮಿಸಿದ ‘ಆಲ್ ದಟ್ ಬ್ರೀದ್ಸ್’ ಎಂಬ ಸಾಕ್ಷ್ಯಚಿತ್ರ ಆ ಸೋದರರ ಕೆಲಸವನ್ನು ಲೋಕಕ್ಕೆ ತೋರಿಸಿತು.

ಆಸ್ಪತ್ರೆಯ ನಿಲುವನ್ನು ಖಂಡಿಸುವುದು ಸುಲಭ, ಅದರ ಹಿಂದಿನ ಸಂಕಟವನ್ನು ಅರಿಯುವುದು ಕಷ್ಟ. ಗರುಡವನ್ನು ಒಳಗಿಟ್ಟುಕೊಂಡರೆ ಅದಕ್ಕೆ ಮಾಂಸ ಉಣಿಸಬೇಕು. ಮಾಂಸವನ್ನು ಕೊಂಡರೆ ಕೊಲೆಗೆ ಕಾರಣವಾದಂತೆ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯಲ್ಲಿಯೂ ಹಿಂಸೆಯ ಪಾಲು ಅಂಟುವುದೆಂಬುದು ಆಗಮಗಳ ನಿಶ್ಚಿತ ನಿರ್ಣಯ. ಈ ತೊಡಕು ಕಲ್ಪಿತವಲ್ಲ. ಆದರೆ ಇದರಿಂದ ಮಾಂಸಾಹಾರಿ ಹಕ್ಕಿಯ ಜೀವ ಕಡಿಮೆಯದೆಂಬ ತೀರ್ಮಾನ ಹೊರಡುವುದಿಲ್ಲ. ಪಾರಿವಾಳವೂ ಪಂಚೇಂದ್ರಿಯ ತಿರ್ಯಂಚ, ಗರುಡವೂ ಪಂಚೇಂದ್ರಿಯ ತಿರ್ಯಂಚ, ಅವೆರಡರಂತೆ ಮೀನೂ ಹೌದು. ಹಕ್ಕಿಗೆ ವ್ರತವಿಲ್ಲ, ಅದು ತನ್ನ ಸ್ವಭಾವದಂತೆ ಬದುಕುತ್ತದೆ. ವ್ರತವಿರುವುದು ದಾನಿಗೆ. ಆದ್ದರಿಂದ ದಾನಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಈ ಹಕ್ಕಿ ಏನು ತಿನ್ನುತ್ತದೆ’ ಎಂಬುದಲ್ಲ, ‘ನನ್ನ ಹಣ ಏನು ಮಾಡುತ್ತದೆ’ ಎಂಬುದು.

ಅಳಿವಿನ ಭೀತಿಯಲ್ಲಿರುವ ಜಲಪಕ್ಷಿಗಳಲ್ಲಿಯೂ ಕಡಲಹಕ್ಕಿಗಳಲ್ಲಿಯೂ ಬಹುಪಾಲು ಮೀನುಣ್ಣುವವು. ಕರ್ನಾಟಕದ್ದನ್ನೇ ನೋಡಬಹುದು. ಮುರುಡೇಶ್ವರದ ಎದುರು ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಆ ದ್ವೀಪವನ್ನು ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದು ಬಹುಕಾಲ ವಿವಾದದ ವಿಷಯವಾಗಿತ್ತು. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಗೆಗೆ ನೀರಿಳಿದಾಗ ತಲೆದೋರುವ ನಡುಗಡ್ಡೆಗಳ ಮೇಲೆ ನದಿ ರೀವ ಎಂಬ ಟರ್ನ್ ಹಕ್ಕಿಗಳು ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಕಡಲ ರೀವಗಳ ಬಳಗಕ್ಕೇ ಸೇರಿದ ಈ ಹಕ್ಕಿ ಈಗ ಅಪಾಯಕ್ಕೊಳಗಾದವುಗಳ ಪಟ್ಟಿಯಲ್ಲಿದೆ. ಇವುಗಳಿಗೆ ಯಾರೂ ಕಾಳು ಹಾಕಲಾರರು, ಮೀನು ಹಾಕಬೇಕಾದ ಅಗತ್ಯವೂ ಇಲ್ಲ. ಇವಕ್ಕೆ ಬೇಕಾದುದು ಗೂಡಿನ ಕಾಲದಲ್ಲಿ ಯಾರೂ ತುಳಿಯದ ಒಂದಿಷ್ಟು ನೆಲ, ಅಷ್ಟೆ. ಅಭಯವೆಂಬ ಶಬ್ದದ ಅರ್ಥವೇ ಅದು: ಏನನ್ನೂ ಕೊಡದೆಯೂ ಭಯವನ್ನು ತೊಲಗಿಸುವುದು.

ಬೆಳ್ಳೂರಿನ ಹುಣಿಸೆಮರ

ಇಂಥ ದಾನ ಹೇಗೆ ನಡೆಯಬಹುದೆಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಒಳ್ಳೆಯ ಪಾಠ. ಶಿಂಷಾ ನದಿಯ ಸಮೀಪದ ಈ ಹಳ್ಳಿಯ ಹುಣಿಸೆ, ಅತ್ತಿ, ಅರಳಿ ಮರಗಳಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ತಲೆತಲಾಂತರದಿಂದ ಗೂಡು ಕಟ್ಟುತ್ತಿವೆ. ಅವು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳೆಂದು ಹಳ್ಳಿಗರ ನಂಬಿಕೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ನೆಲೆಯನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹಕ್ಕಿಗಳ ಹಿಕ್ಕೆ ಬಿದ್ದ ಹುಣಿಸೆ ಮಾರಾಟಕ್ಕೆ ಬರುವುದಿಲ್ಲ. ಗೂಡುಮರದ ಒಡೆಯನಿಗೆ ವರ್ಷದ ಫಸಲೇ ನಷ್ಟ. ಅದಕ್ಕಾಗಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ವ್ಯವಸ್ಥೆ ಮಾಡಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರ ಪ್ರೇರಣೆಯಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.

ವಣಿಕನ ದೃಷ್ಟಿಯಿಂದ ನೋಡಿದರೆ ಈ ವ್ಯವಸ್ಥೆಯ ಸೊಗಸು ಅದರ ಸರಳತೆಯಲ್ಲಿದೆ. ನಷ್ಟವಾಗುವುದು ಯಾರಿಗೆಂಬುದು ಗೊತ್ತು, ಎಷ್ಟೆಂಬುದನ್ನು ಅಂದಾಜು ಮಾಡಬಹುದು, ಹಣ ಕೊಟ್ಟಮೇಲೆ ಮರ ನಿಂತಿದೆಯೋ ಇಲ್ಲವೋ ಎಂಬುದನ್ನು ಯಾರಾದರೂ ಹೋಗಿ ನೋಡಬಹುದು. ಹಕ್ಕಿಯನ್ನು ಹಿಡಿಯಲಿಲ್ಲ, ಕಟ್ಟಲಿಲ್ಲ, ಉಣಿಸಲಿಲ್ಲ. ಮರದ ಒಡೆಯನು ಕೊಡಲಿಯೆತ್ತದಂತೆ ನೋಡಿಕೊಂಡರೆ ಸಾಕಾಯಿತು. ಪರಸ್ಪರ ಉಪಕಾರವೇ ಜೀವಗಳ ಧರ್ಮವೆಂಬ ತತ್ತ್ವಕ್ಕೆ ಇಲ್ಲಿ ಪ್ರತ್ಯಕ್ಷ ನಿದರ್ಶನವಿದೆ: ಹಳ್ಳಿ ಮರ ಕೊಡುತ್ತದೆ, ಹಕ್ಕಿ ಗೊಬ್ಬರ ಕೊಡುತ್ತದೆ.

ಕೊರತೆಗಳೂ ಇಲ್ಲದಿಲ್ಲ. ಹುಣಿಸೆಯ ಬೆಲೆ ಮಾರುಕಟ್ಟೆಯಲ್ಲಿ ಏರಿದಂತೆ ಪರಿಹಾರದ ಮೊತ್ತವೂ ಏರದಿದ್ದರೆ ಒಡೆಯನ ಸಹನೆ ಸೋಲುತ್ತದೆ. ಹಳೆಯ ಮರ ಬಿದ್ದಾಗ ಹೊಸ ಸಸಿ ಗೂಡು ಹೊರುವಷ್ಟಾಗಲು ಒಂದು ತಲೆಮಾರು ಬೇಕು. ಹಕ್ಕಿಗಳು ಮೇಯುವ ಸುತ್ತಲಿನ ಕೆರೆಗಳು ಬತ್ತಿದರೆ, ಇಲ್ಲವೇ ಕೊಳೆತರೆ, ಮರವೊಂದರಿಂದಲೇ ಪ್ರಯೋಜನವಿಲ್ಲ. 2017ರ ಕೊನೆಯಿಂದ 2018ರ ಆರಂಭದವರೆಗೆ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದವು; ಹೊಟ್ಟೆಯ ಹುಳುಗಳ ಬಾಧೆ ಕಾರಣವೆಂದು ಪರೀಕ್ಷೆಯಲ್ಲಿ ಕಂಡಿತು. ಮರಕ್ಕೆ ಕೊಟ್ಟ ಪರಿಹಾರ ನೀರಿನ ರೋಗವನ್ನು ತಡೆಯಲಾರದು.

ಇಲ್ಲಿಯೇ ಸೂಕ್ಷ್ಮವಾದ ಪ್ರಶ್ನೆಯೂ ಏಳುತ್ತದೆ. ಗೂಡಿನಿಂದ ಬಿದ್ದ ಹೆಜ್ಜಾರ್ಲೆಯ ಮರಿಗಳನ್ನು ಬೆಳ್ಳೂರಿನ ಯುವಕರು ಆವರಣವೊಂದರಲ್ಲಿಟ್ಟು, ಹಾರುವಷ್ಟಾಗುವ ತನಕ ಮೀನು ಕೊಟ್ಟು ಸಾಕುತ್ತ ಬಂದಿದ್ದಾರೆ. ಅವರ ಕರುಣೆಗೆ ತಲೆಬಾಗಬೇಕು. ಆದರೆ ಅಣುವ್ರತಧಾರಿಯಾದ ಶ್ರಾವಕನು ಆ ಮೀನಿನ ಬೆಲೆಯನ್ನು ತೆರಬಹುದೇ? ಹದಿನೆಂಟನೆಯ ಶತಮಾನದಲ್ಲಿ ತೇರಾಪಂಥದ ಆಚಾರ್ಯ ಭಿಕ್ಷುಗಳು ಲೌಕಿಕ ದಯೆ ಬೇರೆ, ಮೋಕ್ಷಮಾರ್ಗದ ದಯೆ ಬೇರೆ ಎಂದು ವಿಂಗಡಿಸಿದುದು ಇಂಥ ಸಂದರ್ಭಗಳನ್ನು ಕುರಿತೇ. ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ಕೊಡುವುದನ್ನು ಧರ್ಮವೆಂದು ಕರೆಯಲು ಅವರು ಒಪ್ಪಲಿಲ್ಲ. ಉಳಿದ ಸಂಪ್ರದಾಯಗಳು ಅವರ ತೀರ್ಮಾನಗಳನ್ನೆಲ್ಲ ಒಪ್ಪದಿದ್ದರೂ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಮರಕ್ಕೆಂದೇ, ಕೆರೆಗೆಂದೇ, ಕಾವಲಿಗೆಂದೇ ಹಣ ಕೊಡುವುದು ಸಹಜವಾದ ಉತ್ತರ. ಲೆಕ್ಕ ಬಲ್ಲವರು ಇದಕ್ಕೆ ಆಕ್ಷೇಪವೆತ್ತುತ್ತಾರೆ: ಹಣಕ್ಕೆ ಗುರುತಿಲ್ಲ; ಮರದ ಖರ್ಚನ್ನು ಒಬ್ಬನು ವಹಿಸಿದರೆ ಅದರಿಂದ ಉಳಿದ ಹಣ ಮೀನಿಗೆ ಹೋಗುತ್ತದೆ. ಆಕ್ಷೇಪ ನಿಜ. ಪ್ರತ್ಯೇಕ ಖಾತೆ ಪರಿಪೂರ್ಣ ಶುದ್ಧಿಯನ್ನು ಕೊಡುವುದಿಲ್ಲ; ಆದರೆ ಹೊಣೆಗೆ ಒಂದು ಗಡಿಯನ್ನು ಹಾಕುತ್ತದೆ. ಗೃಹಸ್ಥನು ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಂದ ಪೂರ್ಣವಾಗಿ ಮುಕ್ತನಾಗಲಾರನೆಂದು ತಿಳಿದೇ ಆಚಾರ್ಯರು ಅವನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ಕಡ್ಡಾಯ ಮಾಡಿದರು. ಬಸದಿ ಕಟ್ಟಿದರೂ ನೆಲ ಅಗೆಯಬೇಕು. ಮರಕ್ಕೆ ಕೊಟ್ಟವನ ಸಂಕಲ್ಪದಲ್ಲಿ ಮರವಿದೆ, ಮೀನಿನ ಸಾವಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಮನವಿಪತ್ರಗಳು ಹೇಳದಿರುವುದು

ಸಂಕಲ್ಪದ ಮಾತು ಬಂದಾಗ ಹೊರದೇಶದ ಕಡಲಹಕ್ಕಿ ನಿಧಿಗಳನ್ನು ಪರೀಕ್ಷಿಸಬೇಕಾಗುತ್ತದೆ. ಆಲ್ಬಟ್ರಾಸ್ ಬಳಗದ 22 ಪ್ರಭೇದಗಳಲ್ಲಿ 15 ಅಳಿವಿನ ಭೀತಿಯಲ್ಲಿವೆ. ಸಲಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಅದು. ಮೈಲುಗಟ್ಟಲೆ ಉದ್ದದ ಗಾಳಹಗ್ಗಗಳ ಎರೆಗೆ ಎರಗಿ ಮುಳುಗಿ ಸಾಯುವ ಕಡಲಹಕ್ಕಿಗಳು ವರ್ಷಕ್ಕೆ ಕನಿಷ್ಠ 1,60,000 ಎಂದು 2011ರ ಅಧ್ಯಯನವೊಂದು ಅಂದಾಜು ಮಾಡಿತು. ಇದಕ್ಕೆ ಪರಿಹಾರ ಬಹಳ ಸರಳ: ದೋಣಿಯ ಹಿಂದೆ ಬಣ್ಣದ ಪಟ್ಟಿಗಳ ಬೆದರುಹಗ್ಗ ಕಟ್ಟುವುದು, ರಾತ್ರಿ ಗಾಳ ಬಿಡುವುದು, ಗಾಳ ಬೇಗ ಮುಳುಗುವಂತೆ ತೂಕ ಸೇರಿಸುವುದು. ನಮೀಬಿಯಾದ ತಳಮೀನುಗಾರಿಕೆಯ ಗಾಳದೋಣಿಗಳಲ್ಲಿ ಈ ಕ್ರಮಗಳಿಂದ ಹಕ್ಕಿಗಳ ಸಾವು ಶೇ. 98ರಷ್ಟು ಇಳಿಯಿತೆಂದು 2021ರಲ್ಲಿ ವರದಿಯಾಯಿತು. ಅಲ್ಲಿಯ ವಾಲ್ವಿಸ್ ಬೇ ಊರಿನ ಮಹಿಳೆಯರ ಗುಂಪೊಂದು ಆ ಹಗ್ಗಗಳನ್ನು ಹೆಣೆದು ಜೀವನೋಪಾಯವನ್ನೂ ಕಂಡುಕೊಂಡಿತು. ಮೀನುಗಾರಿಕೆಯನ್ನು ಶ್ರಾವಕನು ಅನುಮೋದಿಸಲಾರ. ಆದರೆ ಅವನು ಕೊಟ್ಟರೂ ಬಿಟ್ಟರೂ ನಡೆಯುವ ಆ ಕೆಲಸದಿಂದ ಒಂದು ಬಗೆಯ ಸಾವನ್ನು ತೆಗೆದುಹಾಕುವ ಹಗ್ಗಕ್ಕೆ ಹಣ ಕೊಡುವುದರಲ್ಲಿ ಹಿಂಸೆಯ ಸಂಕಲ್ಪವಿಲ್ಲ.

ಇನ್ನೊಂದು ಬಗೆಯ ನಿಧಿಯಿದೆ. ನಾವಿಕರ ಹಡಗುಗಳೊಂದಿಗೆ ದ್ವೀಪಗಳಿಗೆ ಬಂದ ಇಲಿಗಳು ಗೂಡಿನ ಮೊಟ್ಟೆ, ಮರಿಗಳನ್ನು ತಿನ್ನುತ್ತವೆ. ಅಟ್ಲಾಂಟಿಕ್ ಸಾಗರದ ಗಾಫ್ ದ್ವೀಪದಲ್ಲಿ ಸುಂಡಿಲಿಗಳು ಜೀವಂತ ಆಲ್ಬಟ್ರಾಸ್ ಮರಿಗಳನ್ನೇ ರಾತ್ರಿಯಿಡೀ ಕಚ್ಚಿ ತಿನ್ನುವುದು ಕಂಡುಬಂದಿದೆ. ಇದಕ್ಕೆ ಪರಿಹಾರವೆಂದು ಹೆಲಿಕಾಪ್ಟರುಗಳಿಂದ ವಿಷದ ಆಹಾರವನ್ನು ಇಡೀ ದ್ವೀಪದ ಮೇಲೆ ಚೆಲ್ಲುತ್ತಾರೆ. ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ 2011ರಿಂದ 2015ರವರೆಗೆ ದಾನಿಗಳ ಹಣದಿಂದ ಈ ಕಾರ್ಯ ನಡೆದು, 2018ರಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಿತವಾಯಿತು, ಹಕ್ಕಿಗಳು ಮರಳಿದವು. ಗಾಫ್ ದ್ವೀಪದಲ್ಲಿ 2021ರಲ್ಲಿ ಅದೇ ಕಾರ್ಯ ನಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಇಲಿ ಕಾಣಿಸಿತು. ವಿಜ್ಞಾನಿಗಳ ವಾದ ಹುಸಿಯಲ್ಲ: ಇಲಿ ಜಗತ್ತಿನಲ್ಲೆಲ್ಲ ಇದೆ, ಆ ಹಕ್ಕಿಗೆ ಇರುವುದು ಅದೊಂದೇ ದ್ವೀಪ. ಮನುಷ್ಯ ತಂದಿಟ್ಟ ಅನರ್ಥವನ್ನು ಮನುಷ್ಯನೇ ಸರಿಪಡಿಸಬೇಕೆಂಬ ಅವರ ನ್ಯಾಯವೂ ತೂಕದ್ದೇ. ಜೈನನಾದವನು ಅವರನ್ನು ಕ್ರೂರಿಗಳೆಂದು ಜರೆಯಬೇಕಾಗಿಲ್ಲ. ಆದರೆ ವಿಷ ಚೆಲ್ಲುವ ಕಾರ್ಯಕ್ಕೆ ತಿಳಿದೂ ಹಣ ಕೊಟ್ಟರೆ ಅದು ಕಾರಿತ. ತಿಳಿಯುವ ಗೋಜಿಗೆ ಹೋಗದೆ ಕೊಟ್ಟರೆ ಅದು ಪ್ರಮಾದ. ಮನವಿಪತ್ರದ ಮೇಲೆ ಮರಿಯ ಚಿತ್ರವಿರುತ್ತದೆ, ಇಲಿಯ ಚಿತ್ರವಿರುವುದಿಲ್ಲ.

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮಲ್ಲಿ ತಿಳಿಯದವರಿಲ್ಲ. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ಜೀವಹಾನಿಯ ಉದ್ದೇಶ ಅವನಿಗಿರಲಿಲ್ಲ, ತಾಯಿಯ ಮಾತನ್ನು ಉಳಿಸುವ ಉದ್ದೇಶವಿತ್ತು. ಆದರೂ ಕೊಲ್ಲುವ ವಿಧಿಗೆ ಕೈ ಕೊಟ್ಟುದರಿಂದ ಅವನೂ ತಾಯಿಯೂ ಭವಭವಗಳಲ್ಲಿ ತೊಳಲಬೇಕಾಯಿತು. ನವಿಲಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಅವನು ಸತ್ತನು. ಹಿಟ್ಟಿನ ಕೋಳಿಗೆ ಅಷ್ಟು ಫಲವಾದರೆ ನಿಜವಾದ ಸುಂಡಿಲಿಗೆ ಎಷ್ಟೆಂದು ಲೆಕ್ಕ ಹಾಕುವ ಮುನ್ನ ದಾನಿ ಒಂದು ಕ್ಷಣ ನಿಲ್ಲಬೇಕು. ಪೂಜೆಯಲ್ಲಿ ಒದಗುವ ಅಲ್ಪ ಸಾವದ್ಯವು ಮಹಾಪುಣ್ಯದ ಎದುರು ದೋಷವಾಗದೆಂಬ ಸಮಂತಭದ್ರಾಚಾರ್ಯರ ವಿಚಾರವನ್ನು ಇಲ್ಲಿ ಎಳೆದು ತರುವವರುಂಟು. ಆ ವಿಚಾರ ಅನಿವಾರ್ಯವಾಗಿ ಒದಗುವ ಅಲ್ಪದೋಷಕ್ಕೆ ಸಂಬಂಧಿಸಿದ್ದು. ಯೋಜಿಸಿ ಮಾಡುವ ಕೊಲೆಗೆ ಅದು ರಹದಾರಿಯಾಗಲಾರದು.

ಮನವಿಪತ್ರಗಳಲ್ಲಿ ಇನ್ನೊಂದು ದೋಷವೂ ಉಂಟು. ‘ಇಷ್ಟು ರೂಪಾಯಿ ಕೊಟ್ಟರೆ ಒಂದು ಹಕ್ಕಿಯನ್ನು ದತ್ತು ಪಡೆದಂತೆ’ ಎಂಬ ಭಾಷೆ ಹೃದಯಕ್ಕೆ ಹತ್ತಿರ, ಲೆಕ್ಕಕ್ಕೆ ದೂರ. ಕೆರೆಯೊಂದು ಶುದ್ಧವಾದರೆ ಬಿಡಿ ಹಕ್ಕಿಯಲ್ಲ, ಹಿಂಡೇ ಉಳಿಯುತ್ತದೆ. ಕೊಳೆತರೆ ದತ್ತು ಪಡೆದ ಹಕ್ಕಿಯೂ ಉಳಿಯುವುದಿಲ್ಲ. ಬಿಡಿ ಹಕ್ಕಿಗೆ ಬೆಲೆ ಕಟ್ಟುವುದು ದಾನಿಯ ಸಮಾಧಾನಕ್ಕೇ ಹೊರತು ಹಕ್ಕಿಯ ಹಿತಕ್ಕಲ್ಲ.

ಸಂಸ್ಥೆಗಳ ಹೊಣೆ

ಇಷ್ಟು ವಿಮರ್ಶೆಯ ಬಳಿಕ ಬಸದಿ, ಮಂದಿರಗಳ ಧರ್ಮದರ್ಶಿಗಳು ಏನು ಮಾಡಬೇಕೆಂಬುದು ಉಳಿಯುತ್ತದೆ. ಈ ವಿಷಯದಲ್ಲಿ ಕನ್ನಡ ನಾಡಿನ ಜೈನ ಪರಂಪರೆಯೇ ದಾರಿ ತೋರಬಲ್ಲದು. ಪ್ರಾಚೀನ ದಾನಶಾಸನಗಳನ್ನು ಓದಿದವರು ಅವುಗಳ ಖಚಿತತೆಗೆ ಬೆರಗಾಗುತ್ತಾರೆ. ಭೂಮಿ ಯಾವುದು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಜೀರ್ಣೋದ್ಧಾರಕ್ಕೋ ಋಷಿಗಳ ಆಹಾರದಾನಕ್ಕೋ ಎಂಬ ಉದ್ದೇಶ, ಸ್ವೀಕರಿಸಿದವರ ಹೆಸರು, ಕೊನೆಗೆ ಅಳಿದವನಿಗೆ ಶಾಪ: ಇಷ್ಟೂ ಕಲ್ಲಿನ ಮೇಲಿರುತ್ತಿತ್ತು. ಇಂದಿನ ರಸೀತಿಯಲ್ಲಿ ‘ಜೀವದಯೆ’ ಎಂಬ ಒಂದೇ ಶಬ್ದವಿರುತ್ತದೆ. ಜೀವದಯೆಯ ಪೆಟ್ಟಿಗೆಗೆ ಬಿದ್ದ ಹಣ ಯಾವ ಜೀವಕ್ಕೆ ಯಾವ ದಯೆಯನ್ನು ತೋರಿಸಿತೆಂದು ವರ್ಷಾಂತ್ಯದ ಆಯವ್ಯಯ ಪತ್ರಿಕೆಯಲ್ಲಿ ಹುಡುಕಿದರೂ ಸಿಗದಿರುವುದುಂಟು.

ದಾನಚಿಂತಾಮಣಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳೆಂಬುದು ಎಷ್ಟು ಮುಖ್ಯವೋ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದೂ ಅಷ್ಟೇ ಮುಖ್ಯ. ಉಳಿಸದಿದ್ದರೆ ಅಳಿದುಹೋಗಬಹುದಾದದ್ದನ್ನು ಗುರುತಿಸಿ ಅವಳು ಕೊಟ್ಟಳು. ಗೂಡುಮರ, ನಡುಗಡ್ಡೆ, ಕೆರೆಯಂಗಳಗಳು ಈ ಕಾಲದಲ್ಲಿ ಪ್ರತಿ ಮಾಡಿಸಲಾಗದ ಓಲೆಗರಿಗಳು. ಒಮ್ಮೆ ಹೋದರೆ ಹೋದವೇ.

ನಿಧಿ ಕೊಡುವ ಮುನ್ನ ಸಂಸ್ಥೆಗಳು ಕೆಲವು ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳುವುದು ಒಳ್ಳೆಯದು. ಹಣ ಯಾವ ನೆಲೆಗೆ, ಯಾವ ಕೆಲಸಕ್ಕೆ? ಆ ಕೆಲಸದಲ್ಲಿ ಯಾವುದಾದರೂ ಪ್ರಾಣಿಯನ್ನು ಕೊಲ್ಲುವ ಕ್ರಮವಿದೆಯೇ? ಆಹಾರಕ್ಕೆಂದು ಮೀನು, ಮಾಂಸ ಕೊಳ್ಳುವುದುಂಟೇ. ಉಂಟಾದರೆ ಆ ಖಾತೆ ಪ್ರತ್ಯೇಕವೇ? ನೆಲೆಯ ಸುತ್ತಲಿನ ಜನರಿಗೆ ಆಗುವ ನಷ್ಟವನ್ನು ಯಾರು ತುಂಬುತ್ತಾರೆ? ಮೂರು ವರ್ಷಗಳ ನಂತರ ಏನನ್ನು ನೋಡಿ ಕೆಲಸವಾಯಿತೆಂದು ಹೇಳಬಹುದು? ಇದರೊಂದಿಗೆ ಕಾನೂನಿನ ಅಂಶಗಳೂ ಇವೆ. ಧರ್ಮಾರ್ಥ ಸಂಸ್ಥೆಯ ಹಣ ಭಾರತದ ಹೊರಗೆ ವ್ಯಯವಾದರೆ ಸಾಮಾನ್ಯವಾಗಿ ಆದಾಯ ತೆರಿಗೆಯ ವಿನಾಯಿತಿ ದೊರೆಯುವುದಿಲ್ಲ. ಇನ್ನೊಂದು ಧರ್ಮಾರ್ಥ ಸಂಸ್ಥೆಗೆ ಕೊಟ್ಟ ದೇಣಿಗೆಯಲ್ಲಿ ಶೇ. 85ರಷ್ಟನ್ನು ಮಾತ್ರ ವಿನಿಯೋಗವೆಂದು ಎಣಿಸುವ ನಿಯಮ 2023ರ ಹಣಕಾಸು ಕಾಯಿದೆಯಿಂದ ಬಂದಿದೆ. ಸಂಸ್ಥೆಯ ಮೂಲಪತ್ರದ ಉದ್ದೇಶಗಳಲ್ಲಿ ಪ್ರಾಣಿರಕ್ಷಣೆ ಸೇರಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಆದ್ದರಿಂದ ದೂರದ ಸಾಗರಕ್ಕಿಂತ ಹತ್ತಿರದ ಕೆರೆ ಲೆಕ್ಕಕ್ಕೂ ಹಿತ, ಕಣ್ಗಾವಲಿಗೂ ಹಿತ.

ಹತ್ತಿರದ ಕೆರೆಯೆಂದಾಗ ಮತ್ತೆ ಕುಂದಲಹಳ್ಳಿಗೆ ಬರಬೇಕಾಗುತ್ತದೆ. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕೆಂದು ವಿಧಿಸಿದೆ. 2014ರ ಏಪ್ರಿಲಿನಿಂದ ಜಾರಿಯಲ್ಲಿರುವ ಈ ನಿಯಮದ ವ್ಯಾಪ್ತಿಯಲ್ಲಿ ಪರಿಸರವೂ ಪ್ರಾಣಿಕಲ್ಯಾಣವೂ ಸೇರಿವೆ. ಇಂಥ ಹಣದಿಂದ ಬೆಂಗಳೂರಿನ ಎಷ್ಟೋ ಕೆರೆಗಳ ಹೂಳು ತೆಗೆದು, ನಡಿಗೆಯ ಹಾದಿ, ಬೇಲಿ, ಆಸನಗಳನ್ನು ಮಾಡಲಾಗಿದೆ. ಮನುಷ್ಯರಿಗೆ ಅನುಕೂಲವಾಯಿತು, ಸಂತೋಷ. ಆದರೆ ಅಂಚನ್ನು ಬಟ್ಟಲಿನಂತೆ ಕಡಿದಾಗಿ ತೋಡಿದ ಕೆರೆಯಲ್ಲಿ ಉದ್ದಕಾಲಿನ ಹಕ್ಕಿಗೆ ನಿಲ್ಲಲು ಆಳವಿಲ್ಲದ ನೀರಿರುವುದಿಲ್ಲ, ಜೊಂಡಿಲ್ಲದಲ್ಲಿ ನೀರುಕೋಳಿಗೆ ಗೂಡಿರುವುದಿಲ್ಲ. ಕಂಪನಿಯ ಹೆಸರಿನ ಫಲಕ ಮಾತ್ರ ದೂರಕ್ಕೆ ಕಾಣುತ್ತದೆ. ನಮ್ಮ ಮಂದಿರಗಳ ಅಮೃತಶಿಲೆಯ ಮೇಲೆ ದಾನಿಗಳ ಹೆಸರಿನ ಪಟ್ಟಿ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಬೆಳ್ಳೂರಿನ ಹುಣಿಸೆಮರದ ಮೇಲೆ ಫಲಕ ತೂಗುಹಾಕುವಂತಿಲ್ಲ; ಪರಿಗ್ರಹ ಪರಿಮಾಣ ವ್ರತದಿಂದ ಹುಟ್ಟಬೇಕಾದ ದಾನಕ್ಕೆ ಅದೇ ಯೋಗ್ಯವಾದ ಸ್ಥಳ.

ಬೆಂಗಳೂರಿನ ಪೂರ್ವಭಾಗದ ಕೆರೆಗಳಲ್ಲಿ ಹೆಜ್ಜಾರ್ಲೆಗಳು ಇಂದಿಗೂ ಇಳಿಯುತ್ತವೆ. ಬಲೆ ಕಟ್ಟಿದ ಬಾಲ್ಕನಿಯಲ್ಲಿ ನಿಂತು ನೋಡುವವರಿಗೆ ಅವು ಕಾಣಲೂಬಹುದು. ಮುಂದಿನ ದಶಲಕ್ಷಣ ಪರ್ವದಲ್ಲಿಯೋ ಪರ್ಯೂಷಣದಲ್ಲಿಯೋ ಜೀವದಯೆಯ ಸವಾಲು ಕೂಗುವಾಗ, ಕಾಳಿನ ಮೂಟೆಗಳ ಜೊತೆಗೆ ಹತ್ತು ಗೂಡುಮರಗಳ ಒಂದು ವರ್ಷದ ಫಸಲಿನ ನಷ್ಟವನ್ನೂ ಕೂಗಿಸಲಿ. ಎರಡು ಗುಂಟೆ ಆಳವಿಲ್ಲದ ನೀರನ್ನು, ಒಬ್ಬ ಕಾವಲುಗಾರನ ಸಂಬಳವನ್ನು ಕೂಗಿಸಲಿ. ಮರುವರ್ಷ ಅದೇ ಪರ್ವದ ದಿನ ಆ ಮರಗಳಲ್ಲಿ ಎಷ್ಟು ಗೂಡುಗಳಿದ್ದವೆಂಬುದನ್ನು ಜಮಾಖರ್ಚಿನ ಜೊತೆಯಲ್ಲಿಯೇ ಸಭೆಗೆ ಓದಿ ಹೇಳಲಿ.